ಸಾತವ್ವನ ಮನೆಗೆ ಟ್ಯೂಬ್ ಪ್ರೀಆಂಪ್ ಆರಿಸಿದ ಬಗೆ

ಹಾಡುವವರು ಇರಲಿ ಬಿಡಲಿ, ಹಾಡು ಹಿಡಿಯುವ ಯಂತ್ರದ ಆಯ್ಕೆಯಲ್ಲಿ ಲೋಪವಾಗಕೂಡದು ಎಂಬುದು ರಬಕವಿ-ಬನಹಟ್ಟಿಯ 'ಮನೆಯಂಗಳದ ದನಿ' ಸಂಘದ ಮೂಲ ತತ್ವವಾಗಿದೆ. ಈ ತತ್ವದಿಂದ ಸಂಘವು ಈವರೆಗೆ ಒಂದಿಂಚೂ ಸರಿದಿಲ್ಲ. ಸರಿಯಬೇಕಾದ ಪ್ರಸಂಗ ಬಂದಾಗ ಹಾಡುವವರೇ ಸರಿದಿದ್ದಾರೆ.

ಸಂಘವನ್ನು ಕಟ್ಟಿದವರು ಊರಿನ ಪವರ್‌ಲೂಮ್ ಮಾಲಕರು. ಅಧ್ಯಕ್ಷರು ಶಿದ್ರಾಮಪ್ಪ ಸಾವಕಾರರು. ಕಾರ್ಯದರ್ಶಿ ಶಶಿಕಾಂತ, ಜಮಖಂಡಿಯಲ್ಲಿ ಮದುವೆ ಮುಂಜಿಗಳಿಗೆ ಸೌಂಡ್ ಬಾಡಿಗೆ ಕೊಡುವವನಾದ್ದರಿಂದ ತಾಂತ್ರಿಕ ಸಲಹೆಗಾರನೂ ಅವನೇ. ಹಳೆಯ ಹಾಡುಗಳು ಹಾಡುವವರ ಜೊತೆಗೇ ಮಣ್ಣಾಗಬಾರದು, ಅವರವರ ಮನೆಯಲ್ಲಿಯೇ ಅವನ್ನು ಧ್ವನಿಮುದ್ರಿಸಿ ಇಡಬೇಕು ಎಂಬುದು ಘನ ಉದ್ದೇಶ. ಮೊದಲ ಹೆಸರಾಗಿ ಸಾತವ್ವನನ್ನು ಆರಿಸಿದರು. ಸಂಘ ಮಾಡಿದ ಸರಿಯಾದ ಕೆಲಸ ಅದೊಂದೇ ಎಂದು ಕೆಲವರು ಹೇಳುತ್ತಾರೆ. ಅವರು ಸಂಘದ ಸದಸ್ಯರಲ್ಲ.

ಸಾತವ್ವ ಬೀಳಗಿ ಕಡೆಯ ಹೆಣ್ಣುಮಗಳು. ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ತವರೂರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದೆ. ಅವಳವ್ವ ಹಾಡುತ್ತಿದ್ದ ಉದ್ದನೆಯ ಹಾಡೊಂದು ಈಗ ಅವಳ ಬಾಯಲ್ಲಿ ಮಾತ್ರ ಉಳಿದಿದೆ. ಕುರಿ ಹಿಂಡು ಬೆಳಿಗ್ಗೆ ದೊಡ್ಡಿಯಿಂದ ಹೊರಟು ಸಂಜೆಗೆ ಹೊಳೆ ದಾಟುವ ಹಾಡು ಅದು. ದಾರಿಯಲ್ಲಿ ಸಿಗುವ ಬಾವಿ, ಬನ್ನಿಗಿಡ, ಯಾರ ಹೊಲದ ಬದು ಎಲ್ಲಿ ಮುರಿಯುತ್ತದೆ, ಯಾವ ಬಂಡೆಯ ಮೇಲೆ ಯಾವ ಮುದುಕ ಕೂರುತ್ತಿದ್ದ, ಎಲ್ಲವೂ ಅದರಲ್ಲಿದೆ. ಆ ಊರನ್ನು ನೋಡಬೇಕೆನ್ನುವವರು ಈಗ ಆ ಹಾಡನ್ನೇ ಕೇಳಬೇಕು.

ಅವಸರವೂ ಇತ್ತು. ಸಾತವ್ವನ ಗಂಟಲಲ್ಲಿ ಗಂಟೊಂದು ಬೆಳೆದಿತ್ತು. "ದೀಪಾವಳಿ ಆದ ಕೂಡ್ಲೆ ತಗದಬಿಡಬೇಕು ಯವ್ವಾ. ಮಾತು ಬರತೈತಿ. ಹಾಡಿನ ಗ್ಯಾರಂಟಿ ನಾ ಕೊಡಾಂಗಿಲ್ಲ" ಎಂದು ಬೆಳಗಾವಿಯ ಡಾಕ್ಟರು ಹೇಳಿ ಕಳಿಸಿದ್ದರು. ಸಾತವ್ವನಿಗೆ ಸಾವಿನ ಹೆದರಿಕೆ ಇರಲಿಲ್ಲ. ಹಾಡು ಒಳಗೇ ಉಳಿದುಬಿಟ್ಟರೆ ಎಂಬ ಹೆದರಿಕೆ ಮಾತ್ರ ಊಟ ನಿದ್ದೆ ಬಿಡಿಸಿತ್ತು.

"ಫೋನಿನ್ಯಾಗ ಹಾಡಿ ಮುಗಿಸಿಬಿಡ್ರಿ ಅತ್ತಿ" ಎಂದಳು ಸೊಸೆ ಶೀತಲ್.

ಅಲ್ಲಿಯೇ ಇದ್ದ ಶಶಿಕಾಂತ ಹೌಹಾರಿ ನಿಯಮವನ್ನು ಬಾಯಿಪಾಠ ಒಪ್ಪಿಸಿದ. ಫೋನು ಮುಂತಾದ ಕೀಳ್ದರ್ಜೆಯ ಉಪಕರಣದಲ್ಲಿ ಒಮ್ಮೆ ದನಿ ಕೊಟ್ಟ ಕಲಾವಿದರನ್ನು ಈಗಾಗಲೇ ಮುದ್ರಿತರೆಂದು ಪರಿಗಣಿಸಿ, ಯೋಜನೆಯಿಂದ ಖಾಯಮ್ಮಾಗಿ ಕೈಬಿಡತಕ್ಕದ್ದು.

"ಹಂಗಾದರ ನಾ ಎದರಾಗ ಹಾಡಲಿ?" ಎಂದು ಸಾತವ್ವ ಕೇಳಿದಳು.

"ಟ್ಯೂಬ್ ಪ್ರೀಆಂಪಿನ್ಯಾಗ್ರಿ ಅಕ್ಕಾರ. ಮೈಕಿನಿಂದ ಬರೂ ದನಿ ಭಾಳ ಸಣ್ಣದಿರತೈತಿ. ಅದನ್ನ ಎತ್ತಿ ದೊಡ್ಡದು ಮಾಡೂ ಪೆಟಗಿ ಅದು. ಒಳಗ ಗಾಜಿನ ಟ್ಯೂಬ್ ಇರತಾವು, ಹಳೇ ರೇಡಿಯೊದಾಗ ಇರತಿದ್ದುವಲ್ರಿ, ಅಂಥವು. ಅದರಾಗ ಹಾದು ಬಂದರ ದನಿಗೆ ಒಂದು ಕಳೆ ಬರತೈತಿ."

"ಕಳೆ ನಂದ ಐತಿ. ನೀ ಪೆಟಗಿ ತಂದು ಹಚ್ಚು."

"ಹಂಗ ತಂದು ಹಚ್ಚಾಕ ಬರಾಂಗಿಲ್ರಿ. ಆರಿಸಬೇಕಲ್ರಿ" ಎಂದ ಶಶಿಕಾಂತ.

ಅದು ನಾಗರಪಂಚಮಿಯ ಹೊತ್ತು. ಆರಿಸುವುದಕ್ಕೆ ಬೇಕಾದಷ್ಟು ಸಮಯವಿದೆ ಎಂದು ಎಲ್ಲರೂ ಒಪ್ಪಿದರು.

ಶಶಿಕಾಂತ ಬೇರೆ ಬೇರೆ ಕಂಪನಿಯ ಮೂರು ಪೆಟ್ಟಿಗೆ ಪರೀಕ್ಷೆಗೆಂದು ತಂದ. ಪರೀಕ್ಷೆ ಸಾತವ್ವನ ಮನೆಯಲ್ಲಿಯೇ ನಡೆಯಬೇಕಿತ್ತು. ಆ ಮನೆಯ ಎಡಕ್ಕೆ ಶಿದ್ರಾಮಪ್ಪನವರ ಮಗ್ಗದ ಶೆಡ್ಡು, ಬಲಕ್ಕೆ ಸಂಘದ ಇನ್ನೊಬ್ಬ ಸದಸ್ಯ ಈಶ್ವರನ ಶೆಡ್ಡು. ಹಗಲೆಲ್ಲ ಖಟಾಖಟ್ ಖಟಾಖಟ್ ನಡೆದು, ಗೋಡೆಯ ನಾಗೊಂದಿಯ ಮೇಲೆ ಜೋಡಿಸಿಟ್ಟ ತಾಟುಗಳು ತಾವೇ ತಾಳ ಹಾಕುತ್ತವೆ. ಸಾತವ್ವ ಬುದ್ಧಿವಂತೆ. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಬಾಗಿಲು ಕಿಟಕಿಗೆ ಇಳಿಬಿಟ್ಟಳು. ಆಮೇಲೆ ಶಿದ್ರಾಮಪ್ಪನವರಿಗೆ ಕೈಮುಗಿದು, "ಸಾವಕಾರ್ರ, ನಾ ಹಾಡಿ ಮುಗಸೂ ತನಕ ಮಗ್ಗ ನಿಂದರಸ್ರಿ" ಎಂದಳು.

ಶಿದ್ರಾಮಪ್ಪನವರು ಅವಳ ಮುಗ್ಧತೆಗೆ ಮರುಗಿದರು. "ಮಗ್ಗ ನಿಂತರ ಸಂಘ ಎದರ ಮ್ಯಾಲ ನಡೀಬೇಕಬೇ? ಮ್ಯಾಲಾಗಿ ಹಾಡು ಮನಿಯ ಸಹಜ ವಾತಾವರಣದಾಗ ಮುದ್ರಣ ಆಗಬೇಕಂತ ಬರದೈತಿ. ನಮ್ಮೂರಾಗ ಸಹಜ ಅಂದರ ಇದ."

ಮೊದಲ ಪೆಟ್ಟಿಗೆ ಹಚ್ಚಿದರು. ಟ್ಯೂಬುಗಳು ಕೆಂಪಗೆ ಹೊಳೆದವು. ಸಾತವ್ವ ಕಣ್ಣುಮುಚ್ಚಿ, ದೊಡ್ಡಿಯ ಬಾಗಿಲು ತೆಗೆದು, ಹಿಂಡನ್ನು ಹೊರಗೆ ಬಿಟ್ಟು, ಬಾವಿಯ ತನಕ ಹಾಡಿದಳು. ಶಿದ್ರಾಮಪ್ಪನವರು ಹೆಡ್‌ಫೋನ್ ಏರಿಸಿಕೊಂಡು ಕೇಳಿದರು. ಅವರ ಮುಖದಲ್ಲಿ ಒಂದು ಗಾಂಭೀರ್ಯ ಮೂಡಿತು. ಸಾತವ್ವನಿಗೆ ಎದೆ ತುಂಬಿ ಬಂತು. ಹಾಡು ತಟ್ಟಿತು ಎಂದುಕೊಂಡಳು.

"ಈಶ್ವರಾ" ಎಂದರು ಅಧ್ಯಕ್ಷರು, "ನಿನ್ನ ಕಡೀ ಮಗ್ಗದ ಲಾಳಿ ತಡವರಸಾಕತ್ತೈತಲ್ಲೋ."

ಈಶ್ವರ ಹೆಡ್‌ಫೋನ್ ಕಸಿದುಕೊಂಡು ಕೇಳಿದ. ಶೆಡ್ಡಿನೊಳಗೆ ನಿಂತಾಗ ಎಲ್ಲ ಮಗ್ಗಗಳ ಸದ್ದು ಒಂದರಲ್ಲೊಂದು ಕಲಸಿ ಕಿವಿ ಕಿವುಡಾಗುತ್ತಿತ್ತು. ಇಲ್ಲಿ, ಗೋಡೆಯಾಚೆಯಿಂದ ಬಂದು ಟ್ಯೂಬಿನಲ್ಲಿ ಹಾದ ಮೇಲೆ, ಒಂದೊಂದು ಲಾಳಿಯೂ ಬೇರೆ ಬೇರೆಯಾಗಿ ಹೆಸರು ಹಿಡಿದು ಕರೆದಂತೆ ಕೇಳುತ್ತಿತ್ತು. ಈಶ್ವರ ಎದ್ದು ಓಡಿದ. ಸ್ವಲ್ಪ ಹೊತ್ತಿನಲ್ಲಿ ಕೈಗೆಲ್ಲ ಎಣ್ಣೆ ಬಳಿದುಕೊಂಡು ನಗುತ್ತ ಬಂದ. "ಖರೇನ ಐತ್ರಿ. ನಾಳಿಗೆ ಮುರದ ಹೋಗತಿತ್ತು. ಸಾತವ್ವಕ್ಕ, ನಿನ್ನ ಹಾಡಿನ ಪುಣ್ಯಾ ನೋಡು."

ಆ ದಿನದಿಂದ ಆಯ್ಕೆಗೆ ಒಂದು ದಿಕ್ಕು ಸಿಕ್ಕಿತು. ಸಂಘದ ಸಭೆಯು ಮುಂದಿನಂತೆ ಠರಾವು ಮಾಡಿತು: ಯಾವ ಪ್ರೀಆಂಪಿನಲ್ಲಿ ಲಾಳಿಯ ಏಟು ಸ್ಪಷ್ಟವಾಗಿಯೂ, ಮಗ್ಗ ತಿರುಗಿಸುವ ಪಟ್ಟಾದ ಎಳೆತ ನಿಚ್ಚಳವಾಗಿಯೂ, ಗಾಯಕಿಯಿಂದಾಗುವ ಅಡಚಣೆ ಕನಿಷ್ಠವಾಗಿಯೂ ಕೇಳಿಬರುವುದೋ ಅದನ್ನೇ ಗಾಯನ ಮುದ್ರಣಕ್ಕೆ ಯೋಗ್ಯವೆಂದು ತಿಳಿಯತಕ್ಕದ್ದು. ಕಂಬಳಿಗಳು ಉಪಕರಣದ ಗ್ರಹಣಶಕ್ತಿಗೆ ಧಕ್ಕೆ ತರುವುದರಿಂದ ಅವನ್ನು ತಕ್ಷಣ ಇಳಿಸತಕ್ಕದ್ದು.

ಕಂಬಳಿ ಇಳಿದವು. ಸುದ್ದಿ ಹಬ್ಬಿತು. ಮಾಲಕರು ಸಾತವ್ವನ ಪಡಸಾಲೆಯಲ್ಲಿ ಪಾಳಿ ಹಚ್ಚಿದರು. ಸಾತವ್ವ ಹಾಡುವಳು, ಅವರು ಕಿವಿಗೊಟ್ಟು ತಲೆದೂಗುವರು. ನಡುವೆ ಯಾರಾದರೂ "ಯವ್ವಾ, ತುಸು ಸಣ್ಣಾಗಿ ಹಾಡಬೇ, ನಮ್ಮ ಪಟ್ಟಾ ಕೇಳವಲ್ದು" ಎನ್ನುವರು. ಸಾತವ್ವ ಎಲ್ಲರಿಗೂ ಚಹಾ ಕೊಟ್ಟು, ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ಯಪ್ಪಾ, ನಾ ಏನು ಮಗ್ಗದ ಡಾಕ್ಟರೇನು? ಇದರಾಗ ನನ್ನ ಹಾಡು ಎಲ್ಲೈತಿ?"

"ಐತಿ ತಗೊ" ಎಂದು ಶಿದ್ರಾಮಪ್ಪನವರು ಸಮಾಧಾನ ಹೇಳಿದರು. "ಹಿಂದ ಐತಿ. ಹುಡಕಿದರ ಸಿಗತೈತಿ."

"ದೀಪಾವಳಿ ಬಂದಬಿಡತೈತ್ರಿ ಸಾವಕಾರ್ರ."

"ವರ್ಷಾ ಬರತೈತಲ್ಲಬೇ."

ಇದೇ ಹೊತ್ತಿಗೆ ಒಂದು ಅಹಿತಕರ ಘಟನೆ ನಡೆಯಿತು. ಎರಡನೆಯ ಪೆಟ್ಟಿಗೆಯ ಪರೀಕ್ಷೆ ನಡೆದಾಗ ಕರೆಂಟು ಹೋಯಿತು. ಎಡಗಡೆಯ ಮಗ್ಗ ನಿಂತವು, ಬಲಗಡೆಯವೂ ನಿಂತವು. ಓಣಿ ಹಿಂದೆಂದೂ ಕಾಣದಷ್ಟು ಸುಮ್ಮನಾಯಿತು. ಪೆಟ್ಟಿಗೆಯ ಟ್ಯೂಬುಗಳೂ ಆರಿದವು. ಸಾತವ್ವ ಮಾತ್ರ ಆರಲಿಲ್ಲ. ಕಣ್ಣುಮುಚ್ಚಿದ್ದ ಅವಳು ಬಾವಿ ದಾಟಿ, ಬನ್ನಿಗಿಡದ ಕೆಳಗೆ ಹಿಂಡನ್ನು ನಿಲ್ಲಿಸಿ, ಹಿಂದೆ ಉಳಿದ ಕುಂಟು ಮರಿಯನ್ನು ಹೆಗಲಿಗೆ ಹಾಕಿಕೊಂಡು, ಹೊಳೆಯ ದಂಡೆಗೆ ಬಂದಿದ್ದಳು.

ಆ ದನಿ ಹೇಗಿತ್ತೆಂದು ಅಲ್ಲಿದ್ದವರು ಇಂದಿಗೂ ಹೇಳಲಾರರು. ಶಿದ್ರಾಮಪ್ಪನವರು ತಮಗೆ ತಿಳಿಯದಂತೆಯೇ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಈಶ್ವರನ ತಾಯಿಯ ತವರೂ ಆ ಹಿನ್ನೀರಿನಡಿಯೇ ಇತ್ತು. ಬಂಡೆಯ ಮೇಲೆ ಕೂರುವ ಮುದುಕನ ಹೆಸರು ಬಂದಾಗ ಅವನು ಗೋಡೆಗೆ ಮುಖ ತಿರುಗಿಸಿ ಚಿಕ್ಕ ಮಗುವಿನಂತೆ ಅತ್ತ. ಶೀತಲ್ ಮೆಲ್ಲಗೆ ಫೋನು ತೆಗೆದಳು. ಶಶಿಕಾಂತನ ಕಣ್ಣಲ್ಲೂ ನೀರಿತ್ತು. ಆದರೂ ಅವನು ಕರ್ತವ್ಯ ಮರೆಯಲಿಲ್ಲ. "ತಂಗೀ, ಬ್ಯಾಡವಾ" ಎಂದು ಪಿಸುಗುಟ್ಟಿದ. "ಅಕ್ಕಾರು ಅನರ್ಹ ಆಗತಾರ." ಶೀತಲ್ ಹೆದರಿ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಹಿಂಡು ಹೊಳೆ ದಾಟಿತು. ಹಾಡು ಮುಗಿಯಿತು. ಅಷ್ಟರಲ್ಲಿ ಕರೆಂಟು ಬಂತು, ಮಗ್ಗ ಓಡಿದವು, ತಾಟುಗಳು ಕುಣಿದವು. "ಹಾಂ, ಬಂತು ನೋಡ್ರಿ!" ಎಂದು ಶಶಿಕಾಂತ ಕಣ್ಣೊರೆಸಿಕೊಂಡು ಗುಂಡಿ ಒತ್ತಿದ. "ಈಗ ಮೊದಲಿಂದ ಹಾಡ್ರಿ ಅಕ್ಕಾರ."

ಆ ದಿನದ ವರದಿಯಲ್ಲಿ ಹೀಗಿದೆ: ವಿದ್ಯುತ್ ಇಲ್ಲದ ಅವಧಿಯಲ್ಲಿ ಉಪಕರಣವು ಏನನ್ನೂ ಗ್ರಹಿಸಿರುವುದಿಲ್ಲವಾದ್ದರಿಂದ, ಸದರಿ ಅವಧಿಯಲ್ಲಿ ಏನೂ ನಡೆದಿರುವುದಿಲ್ಲ. ಅದಕ್ಕೆ ಸಹಿ ಹಾಕಲು ಹೋಗಿ ಈಶ್ವರ ಒಮ್ಮೆ ಪೆನ್ನು ಕೆಳಗಿಟ್ಟ. ಆದರೆ ಹಾಕಿದ. ಬ್ಯಾಟರಿಯ ಮಾತೆತ್ತಿದ ಸಾತವ್ವನ ಮಗ ಮಾಳುವಿಗೆ, ಬ್ಯಾಟರಿ ಬೇರೆ ಯೋಜನೆಯಲ್ಲಿ ಬರುತ್ತದೆ, ಆ ಯೋಜನೆ ಇನ್ನೂ ಬಂದಿಲ್ಲ ಎಂದು ತಿಳಿಸಲಾಯಿತು.

ದಸರೆಯ ಹೊತ್ತಿಗೆ ಮೂರನೆಯ ಪೆಟ್ಟಿಗೆಯೇ ಉತ್ತಮವೆಂದು ಬನಹಟ್ಟಿಯವರು ತೀರ್ಮಾನಿಸಿದರು. ಆಗ ರಬಕವಿಯ ಸದಸ್ಯರು ತಕರಾರು ತೆಗೆದರು. ಪರೀಕ್ಷೆಯಾದದ್ದು ಬನಹಟ್ಟಿಯ ಮಗ್ಗಗಳ ಮೇಲೆ. ರಬಕವಿಯ ಮಗ್ಗದ ದನಿಯೇ ಬೇರೆ. ಒಂದೂರಿನ ಕಿವಿಗೆ ತಕ್ಕಂತೆ ಜೋಡು ಊರಿನ ಪೆಟ್ಟಿಗೆ ಕೊಳ್ಳುವುದು ಅನ್ಯಾಯ. ತಕರಾರಿನಲ್ಲಿ ನ್ಯಾಯವಿತ್ತು. ಹೀಗಾಗಿ ಮೂರೂ ಪೆಟ್ಟಿಗೆಗಳು ಸಾತವ್ವನೊಂದಿಗೆ ಆಟೋದಲ್ಲಿ ರಬಕವಿಗೆ ಹೋದವು. ಅಲ್ಲಿ ಹಾಡಿದಳು. ತಾಲೂಕಿನ ಹೊರಗಿನ ಅಭಿಪ್ರಾಯವೂ ಇರಲೆಂದು ಮುಧೋಳಕ್ಕೆ ಹೋದಳು. ಮಗ್ಗವಿಲ್ಲದ ಮನೆಯಲ್ಲಿ ಪೆಟ್ಟಿಗೆಯ ಗುಣ ತಿಳಿಯಲಿಲ್ಲವೆಂದು ಮುಧೋಳದವರು ಬರೆದುಕೊಟ್ಟರು. ಅಲ್ಲಿ ಅವಳ ಹಾಡು ನಿಚ್ಚಳವಾಗಿ ಮುದ್ರಣವಾಗಿತ್ತು; ಪರೀಕ್ಷಾರ್ಥ ಮುದ್ರಣಗಳನ್ನು ಅಳಿಸತಕ್ಕದ್ದೆಂಬ ನಿಯಮದಂತೆ ಶಶಿಕಾಂತ ಅದನ್ನು ಅಲ್ಲಿಯೇ ಅಳಿಸಿದ.

ಅಳಿಸಿದ ಸಂಗತಿ ಸಾತವ್ವನಿಗೆ ತಿಳಿದದ್ದು ಆಟೋದಲ್ಲಿ ಮರಳುವಾಗ. ಅವಳು ಬೈಯಲಿಲ್ಲ. ಗಂಟಲು ಹಿಡಿದುಕೊಂಡು, "ಹೊಳಿ ಇನ್ನೊಮ್ಮಿ ಬಂದು ಹೋದಂಗಾತು ನೋಡೋ" ಎಂದಳು. ಶಶಿಕಾಂತ ಅದನ್ನು ಮೆಚ್ಚುಗೆಯೆಂದು ತಿಳಿದುಕೊಂಡ.

ದೀಪಾವಳಿ ಬಂತು, ಹೋಯಿತು. ಬೆಳಗಾವಿಯಲ್ಲಿ ಗಂಟು ತೆಗೆದರು. ಡಾಕ್ಟರು ಹೇಳಿದ್ದರಲ್ಲಿ ಅರ್ಧ ನಿಜವಾಯಿತು. ಮಾತು ಬಂತು, ಅದೂ ಪಿಸುಮಾತು. ಕಿವಿಯನ್ನು ಬಾಯಿಗೆ ತಂದರೆ ಕೇಳುವಷ್ಟು. ಹಾಡು ಬರಲಿಲ್ಲ.

ಸಂಘದವರು ನೋಡಲು ಬಂದರು, ಆಯ್ಕೆಯಾದ ಪ್ರೀಆಂಪನ್ನೂ ತಂದರು. ಅಂತೂ ಎರಡೂ ಊರು ಒಪ್ಪಿದ್ದವು. ಪೆಟ್ಟಿಗೆಗೆ ಹೂವಿನ ಹಾರ ಹಾಕಿ, ಭಂಡಾರದ ಅರಿಸಿನ ಹಚ್ಚಿದರು. ಮಾಳು ಬಾಗಿಲಲ್ಲಿ ನಿಂತು, "ಇನ್ನ ಏನ್ ಮುದ್ರಣ ಮಾಡತೀರಿ? ದನೀನ ಹೋಗೈತಿ" ಎಂದ.

"ಅದರ ಚಿಂತಿ ಬಿಡೋ" ಎಂದರು ಶಿದ್ರಾಮಪ್ಪನವರು, ಅಕ್ಕರೆಯಿಂದಲೇ. "ಗಾಯಕಿ ಹಾಜರಿರಬೇಕು, ಹಾಡಬೇಕು ಅಂತ ನಿಯಮ ಐತಿ. ಅದು ಕೇಳಿಸಬೇಕು ಅಂತ ಎಲ್ಲಿ ಐತಿ?"

ಸಾತವ್ವ ಮೈಕಿನ ಮುಂದೆ ಕೂತಳು. ದೊಡ್ಡಿಯಿಂದ ಹೊಳೆಯ ತನಕ, ಒಂದು ನುಡಿಯೂ ಬಿಡದಂತೆ, ತುಟಿ ಆಡಿಸಿದಳು. ಎರಡೂ ಕಡೆಯ ಮಗ್ಗ ಓಡಿದವು. ಸಂಘದ ಇತಿಹಾಸದಲ್ಲಿಯೇ ಅಷ್ಟು ಶುದ್ಧವಾದ ಮುದ್ರಣ ಆಗಿರಲಿಲ್ಲ. ಅದನ್ನು ಅವಳ ಫೋಟೊದೊಂದಿಗೆ ಎಲ್ಲರ ಫೋನಿಗೂ ಬಿಟ್ಟರು. ಸುತ್ತಲಿನ ನಾಲ್ಕಾರು ಊರಿನಲ್ಲಿ ಜನ ಮೆಚ್ಚಿದರು. "ಸಾತವ್ವ ಖರೇನ ಹಾಡ್ಯಾಳ, ನಮ್ಮೂರ ಕಣ್ಣಮುಂದ ಬರತೈತಿ" ಎಂದು ಸೊಲ್ಲಾಪುರಕ್ಕೆ ಹೋಗಿ ನೆಲೆಸಿದ ನೇಕಾರರೊಬ್ಬರು ಬರೆದರು. ಓಣಿಯ ಹೆಣ್ಣುಮಕ್ಕಳು ಬಂದು ಅವಳಿಗೆ ಉಡಿ ತುಂಬಿದರು.

ಕೊನೆಗೆ ಶಶಿಕಾಂತ ಅವಳಿಗೂ ಒಮ್ಮೆ ಕೇಳಿಸಿದ. ಸಾತವ್ವ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಕಣ್ಣುಮುಚ್ಚಿ, ಬಹಳ ಹೊತ್ತು ಕೇಳಿದಳು. ಒಂದು ಕಡೆ ಅವಳ ಮುಖ ಅರಳಿತು. ಕೈ ಎತ್ತಿ ನಿಲ್ಲಿಸಿದಳು. ಶಶಿಕಾಂತ ಕಿವಿಯನ್ನು ಅವಳ ಬಾಯಿಗೆ ತಂದ.

"ಇಲ್ಲಿ ನಾ ಅದೀನಿ" ಎಂದಳು ಸಾತವ್ವ. "ಹೊಳಿಗೆ ಕಾಲಿಡೂ ಮುಂದ ಉಸರು ತಗೊಂಡೇನಿ. ಕೇಳತೈತಿ."

ಶಶಿಕಾಂತ ಕೇಳಿದ. ನಿಜವಾಗಿತ್ತು. ಎರಡು ಲಾಳಿಯ ಏಟಿನ ನಡುವೆ ಒಂದು ಉಸಿರಿತ್ತು. ಸಂಘದ ಅಷ್ಟೂ ಜನರ ಕಿವಿ ತಪ್ಪಿಸಿ ಅದು ಉಳಿದುಕೊಂಡಿತ್ತು. ಅವನಿಗೆ ನಾಚಿಕೆಯಾಯಿತು. ತಪ್ಪನ್ನು ತೋರಿಸಿಕೊಟ್ಟದ್ದಕ್ಕೆ ಸಾತವ್ವನಿಗೆ ಕೈಮುಗಿದು, ಅವಳ ಎದುರಿಗೇ ಕೂತು ಅದನ್ನು ಕತ್ತರಿಸಿ ತೆಗೆದ. ಮತ್ತೆ ಕೇಳಿಸಿದ. ಈಗ ಲಾಳಿ ಎಲ್ಲಿಯೂ ತಡೆಯದೆ ಓಡುತ್ತಿತ್ತು.

"ಹ್ಯಾಂಗ್ರಿ ಅಕ್ಕಾರ?"

ಸಾತವ್ವ ಕೊನೆಯ ತನಕ ಕೇಳಿ, ಹೆಡ್‌ಫೋನ್ ತೆಗೆದು ಅವನ ಕೈಗಿಟ್ಟಳು.

"ಚೊಲೋ ಆತಪಾ" ಎಂದಳು. "ಈಗೇನೂ ಅಡಚಣಿ ಇಲ್ಲ."