ಗರುಡನ ಕೋಡುಬಳೆ ಡಬ್ಬಿ

ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವ ವರದಿಗಾರ ಮೈಸೂರಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಮ್ಮ ಸಂಪಾದಕರು ಎಲ್ಲ ವರದಿಗಾರರ ಫೋನಿಗೂ ಒಂದು ಹೊಸ ಸಾಫ್ಟ್‌ವೇರ್ ಹಾಕಿಸಿದ್ದರು. ನಮಗೆ ಒಳಗಿನ ಸುದ್ದಿ ಕೊಡುವವರ ಹೆಸರು, ನಂಬರು ಎಲ್ಲ ಅದರೊಳಗೆ ಬೀಗ ಹಾಕಿಕೊಂಡು ಕೂತಿರುತ್ತವೆ. ತೆರೆಯಬೇಕಾದರೆ ನನ್ನ ಮುಖ ತೋರಿಸಬೇಕು, ಇಲ್ಲವೇ ಮಾರುದ್ದದ ಪಾಸ್‌ವರ್ಡ್ ಒತ್ತಬೇಕು. ಮೂರು ಸಲ ತಪ್ಪಿದರೆ ಒಳಗಿದ್ದದ್ದೆಲ್ಲ ತಾನಾಗಿಯೇ ಅಳಿಸಿಹೋಗುತ್ತದೆ. ಕಳ್ಳರಿಗೂ ಸಿಗದು, ಪೊಲೀಸರಿಗೂ ಸಿಗದು, ಅಷ್ಟೇಕೆ, ನನ್ನ ಹೆಂಡತಿ ವನಜಾಳಿಗೂ ಸಿಗದು!

ಅದರಲ್ಲಿ ಯಾರ ಅಸಲಿ ಹೆಸರನ್ನೂ ಹಾಕಬಾರದೆಂದು ಸಂಪಾದಕರು ಅಪ್ಪಣೆ ಮಾಡಿದ್ದರು. ಹಾಗಾಗಿ ಎಲ್ಲರಿಗೂ ಶಾಸ್ತ್ರೋಕ್ತವಾಗಿ ನಾಮಕರಣ ಮಾಡಿದೆ. ಒಂದು ಸರ್ಕಾರಿ ಕಚೇರಿಯ ಗುಮಾಸ್ತರಿಗೆ ‘ಗರುಡ’ ಎಂದು ಹೆಸರಿಟ್ಟೆ. ಗರುಡನದು ಕಡ್ಡಿಯಂಥ ದೇಹ. ನಾಯಿ ಬೊಗಳಿದರೆ ಆಚೆ ಪಕ್ಕದ ಫುಟ್‌ಪಾತಿಗೆ ಹೋಗುವ ಸ್ವಭಾವ. ಆದರೂ ಪಾರ್ಕಿಗೆಂದು ಬಂದ ಕಲ್ಲುಬೆಂಚುಗಳು ತಮ್ಮ ಸಾಹೇಬರ ಮನೆಯ ತೋಟ ಸೇರಿದ್ದನ್ನು ಸಹಿಸಲಾರದೆ ಕಾಗದಪತ್ರ ಕೊಡಲು ಒಪ್ಪಿದ್ದರು.

ಅಗ್ರಹಾರದ ಒಂದು ಸಂದಿಯಲ್ಲಿ ಭೇಟಿಯಾದೆವು. ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಮೇಲೆ ಕೋಡುಬಳೆ, ಅಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ.

“ಸಾರ್, ನನ್ನ ಹೆಸರು ಎಲ್ಲೂ ಬರಬಾರ್ದು. ಮಗಳ ಓದು ಇನ್ನೂ ಮುಗ್ದಿಲ್ಲ. ಗೊತ್ತಾದ್ರೆ ಕೆಲಸದಿಂದ ಕಿತ್ತಾಕ್ಬುಡ್ತಾರೆ.”

“ನಿಮ್ಮ ಹೆಸರು ನನಗೇ ಮರೆತುಹೋಗಿದೆ!” ಎಂದು ಎದೆಯುಬ್ಬಿಸಿದೆ.

ವರದಿ ಪ್ರಕಟವಾಯಿತು. ಊರೆಲ್ಲ ಬೆಂಚಿನದೇ ಮಾತು. ಕಾಗದ ಕೊಟ್ಟವರು ಯಾರೆಂದು ಸಾಹೇಬರು ಕಚೇರಿಯಲ್ಲಿ ಒಬ್ಬೊಬ್ಬರನ್ನೇ ಕರೆದು ಜಾಲಾಡುತ್ತಿದ್ದಾರೆಂದು ಸುದ್ದಿ ಬಂತು. ಜಾಲಾಡಲಿ! ನಾನು ಜಯಲಕ್ಷ್ಮಿಪುರಂನ ನಮ್ಮ ಮನೆಯ ವರಾಂಡದಲ್ಲಿ ಕಾಲು ಚಾಚಿ ಕಾಫಿ ಹೀರುತ್ತಿದ್ದೆ. ಹೊರಗೆ ಹೋಗಿದ್ದ ವನಜಾ ಬಂದಳು.

“ಆ ಡಬ್ಬಿ ವಾಪಸ್ ಕೊಟ್ಬುಟ್ಟು ಬಂದೆ ಕಣ್ರೀ. ಖಾಲಿ ಡಬ್ಬಿ ಹೇಗೆ ಕೊಡೋದು ಅಂತ ರವೆ ಉಂಡೆ ತುಂಬಿಸ್ದೆ.”

“ಯಾವ ಡಬ್ಬಿ?”

“ಅದೇ, ಕೋಡುಬಳೆ ಡಬ್ಬಿ.”

ಲೋಟ ಕೆಳಗಿಟ್ಟೆ. “ಅದು ಯಾರದ್ದು ಅಂತ ನಿನಗೆ ಹೇಗೆ ಗೊತ್ತು? ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಮುಚ್ಚಳದ ಮೇಲೇ ಕೊರೆಸಿದೆಯಲ್ರೀ! ಇಂಥವರ ಸೇವೆ ಮೆಚ್ಚಿ ಇಂಥ ಕಚೇರಿಯ ಸಹೋದ್ಯೋಗಿಗಳ ಕಾಣಿಕೆ ಅಂತ. ಹೆಸರು, ಹುದ್ದೆ, ಎಲ್ಲಾ ಇದೆ. ಅಷ್ಟು ಕೋಡುಬಳೆ ತಿಂದ್ರಲ್ಲ, ಒಂದ್ಸಲನಾದ್ರೂ ಮುಚ್ಚಳ ನೋಡ್ಲಿಲ್ವಾ?”

ನೋಡಿರಲಿಲ್ಲ. ನಾನು ನೋಡಿದ್ದು ಕೋಡುಬಳೆಯನ್ನು ಮಾತ್ರ.

“ಅವರ ಕೈಗೇ ಕೊಟ್ಟೆ ತಾನೆ?”

“ಅವ್ರು ಸೀಟಲ್ಲಿ ಇರ್ಲಿಲ್ಲ. ಅವರ ಸಾಹೇಬರ ಹತ್ರ ಕೊಟ್ಟೆ. ನಮ್ಮ ಯಜಮಾನ್ರು ಪತ್ರಿಕೆಯವರು, ಇವರ ಮನೆ ಕೋಡುಬಳೆ ಅಂದ್ರೆ ಪ್ರಾಣ ಅಂದೆ. ಪಾಪ, ಕೂರಿಸಿ ಮಾತಾಡಿಸಿದ್ರು.”

ಸಾಹೇಬರ ಹತ್ರ! ನನ್ನ ಮರ್ಯಾದೆ ಹೋದರೆ ಹೋಗಲಿ, ಅದಕ್ಕೆ ಅಭ್ಯಾಸವಿದೆ. ಆ ಮನುಷ್ಯನ ಅನ್ನ ಹೋದರೆ ಯಾವ ಮುಖ ಹೊತ್ತು ಓಡಾಡಲಿ? ಕೂಡಲೇ ಎಚ್ಚರಿಸಬೇಕೆಂದು ಸ್ಕೂಟರ್ ಹತ್ತಿ ಅವರ ಕಚೇರಿಗೆ ಹೊರಟೆ. ಅವರ ನಂಬರು ಇದ್ದದ್ದು ಸಾಫ್ಟ್‌ವೇರ್‌ನ ಒಳಗೆ ಮಾತ್ರ.

ಹುಣಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಫೋನ್ ತೆಗೆದು ಮುಖ ತೋರಿಸಿದೆ. ಒಪ್ಪಲಿಲ್ಲ. ಹೆಲ್ಮೆಟ್ ತೆಗೆದಿರಲಿಲ್ಲ! ತೆಗೆದು ಮತ್ತೆ ತೋರಿಸಿದೆ. ಬೆವರು, ಕೆದರಿದ ಕೂದಲು, ಅಳುಮೋರೆ. ಇವನು ಯಾರೋ ಬೇರೆಯವನು ಎಂದು ಫೋನು ತೀರ್ಮಾನಿಸಿತು. ಉಳಿದದ್ದು ಪಾಸ್‌ವರ್ಡ್. ಹಸಿರು ದೀಪ ಬಿತ್ತು, ಹಿಂದಿನವರೆಲ್ಲ ಹಾರ್ನ್ ಒತ್ತಿದರು, ನಾನು ತಪ್ಪು ಅಕ್ಷರ ಒತ್ತಿದೆ. ಪರದೆಯ ಮೇಲೆ ಮೂಡಿತು: ‘ಎಲ್ಲ ಮಾಹಿತಿಯನ್ನು ಯಶಸ್ವಿಯಾಗಿ ಅಳಿಸಲಾಗಿದೆ. ನಿಮ್ಮ ಸುದ್ದಿಮೂಲಗಳು ಈಗ ಸುರಕ್ಷಿತ!’

ಕಚೇರಿಗೆ ನುಗ್ಗಿದಾಗ ಸಾಹೇಬರ ಮೇಜಿನ ಮೇಲೆ ಡಬ್ಬಿ ಇತ್ತು. ಮುಚ್ಚಳ ತೆರೆದಿತ್ತು. ಪಕ್ಕದಲ್ಲಿ ಗರುಡ ಕೈಕಟ್ಟಿಕೊಂಡು, ರೆಕ್ಕೆ ಕಿತ್ತ ಗುಬ್ಬಿಯ ಹಾಗೆ ನಿಂತಿದ್ದರು. ಸಾಹೇಬರ ಬಾಯಲ್ಲಿ ಉಂಡೆ.

“ಬನ್ನಿ, ಬನ್ನಿ, ಬೆಂಚಿನವರು!” ಎಂದರು. “ನಿಮ್ಮ ಮನೆಯವರ ಕೈರುಚಿಗೋಸ್ಕರ ಕೂರಿಸ್ತಿದ್ದೀನಿ, ನಿಮ್ಮ ಮುಖ ನೋಡಿ ಅಲ್ಲ.”

ಕೂತೆ.

“ನಿಮಗೆ ಕಾಗದ ಕೊಟ್ಟೋನು ಈ ಆಫೀಸಲ್ಲೇ ಇದ್ದಾನೆ. ನಿಜ ಹೇಳ್ಬೇಕು ಅಂದ್ರೆ ನನಗೆ ಈತನ ಮೇಲೇ ಅನುಮಾನ ಇತ್ತು. ಸಸ್ಪೆಂಡ್ ಆರ್ಡರ್ ಟೈಪ್ ಮಾಡಿಸೋದೊಂದು ಬಾಕಿ.”

ಗರುಡ ಕಣ್ಣು ಮುಚ್ಚಿಕೊಂಡರು.

“ಅಷ್ಟರಲ್ಲಿ ನಿಮ್ಮ ಮನೆಯವರು ಬಂದ್ರು. ಅನುಮಾನ ಬಿಟ್ಟೋಯ್ತು. ಇದೇನಿದ್ರೂ ಕೋಡುಬಳೆ, ಉಂಡೆ ಕೊಟ್ಟು ತಗೊಳೋ ಮನೆ ಸ್ನೇಹ. ಗುಟ್ಟಾಗಿ ಕಾಗದ ಕೊಟ್ಟೋನ ಡಬ್ಬಿನ ಹಾಡುಹಗಲಲ್ಲಿ, ಹೆಂಡತಿ ಕೈಲಿ, ಅದೂ ನನ್ನ ಮೇಜಿಗೇ ಕಳಿಸೋವಷ್ಟು ದಡ್ಡ ವರದಿಗಾರ ಮೈಸೂರಲ್ಲಿ ಯಾವನಿದ್ದಾನೆ, ನೀವೇ ಹೇಳಿ?”

“ಯಾರೂ ಇಲ್ಲ ಸಾರ್,” ಎಂದೆ. ಇಷ್ಟು ಮನಃಪೂರ್ವಕವಾಗಿ ನಾನು ಯಾವ ಸುಳ್ಳನ್ನೂ ಹೇಳಿದವನಲ್ಲ.

ಗರುಡ ನನ್ನನ್ನು ಮೆಟ್ಟಿಲ ತನಕ ಬಿಡಲು ಬಂದರು. ಸದ್ಯ, ಅವರ ಕೆಲಸ ಉಳಿಯಿತು ಎಂಬ ಖುಷಿಗೆ ನನಗೆ ಅವರನ್ನು ತಬ್ಬಿಕೊಳ್ಳುವ ಹಾಗಾಗಿತ್ತು. ಅವರು ಹಿಂದೆ ಮುಂದೆ ನೋಡಿ, ಪಿಸುಗುಟ್ಟಿದರು.

“ಸಾರ್, ನನ್ನ ನಂಬರು ನಿಮ್ಮ ಹತ್ರ ಇನ್ನೂ ಇದೆಯಾ?”

“ಇಲ್ಲ, ಪೂರ್ತಿ ಅಳಿಸಿಹೋಯ್ತು. ಇನ್ನೊಂದ್ಸಲ ಹೇಳಿ, ಈಗಲೇ ಹಾಕ್ಕೋತೀನಿ.”

“ಸದ್ಯ, ದೇವರು ದೊಡ್ಡವನು!” ಎಂದು ಕೈಮುಗಿದರು. “ಹಾಕ್ಕೋಬೇಡಿ ಸಾರ್. ಅಮ್ಮಾವ್ರ ನಂಬರು ಕೊಡಿ. ಇನ್ಮೇಲೆ ಏನೇ ಸುದ್ದಿ ಇದ್ರೂ ಅವರಿಗೇ ಹೇಳ್ತೀನಿ.”

ಕೊಟ್ಟೆ. ಅದೊಂದು ನಂಬರು ಮಾತ್ರ ನನಗೆ ಬಾಯಿಪಾಠವಿತ್ತು.