ದೊಡ್ಡಮ್ಮನ ಹಸಿವು, ತಮ್ಮ ಪ್ರಶಸ್ತಿ

ಹಂದಿ ತಳಿ ಸುಧಾರಣಾ ಸಂಸ್ಥೆಯ ಮುಖ್ಯಸ್ಥರ ಸನ್ನಿಧಿಗೆ, ತಾಯಿ ಹಂದಿಗಳಿಗೆ ಮೇವು ಹಾಕುವವನು ಬಕೆಟ್ ಕೆಳಗಿಟ್ಟು, ಕೈ ತೊಳೆದು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ಎಂದು ನಂಬಿದ್ದೇನೆ. ಕೊಬ್ಬಿಲ್ಲದ ಮಾಂಸವನ್ನು ಬೇಗ ಬೇಗ ಮೈಗೂಡಿಸಿಕೊಳ್ಳುವ ಮರಿಗಳು ಬೇಕೆಂದು ತಾವು ಆರಿಸಿ ಆರಿಸಿ ಬೆಳೆಸಿದ ತಳಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮರಿಗಳು ತಿನ್ನುವುದನ್ನು ನೋಡಿದರೆ ನನಗೇ ಹಸಿವಾಗುತ್ತದೆ. ಆದರೆ ಅವುಗಳ ಅಮ್ಮನೂ ಅದೇ ತಳಿಯವಳು, ಅದೇ ಹೊಟ್ಟೆಯವಳು ಎಂಬ ಸಣ್ಣ ಸಂಗತಿ ತಮ್ಮ ದೊಡ್ಡ ಕೆಲಸಗಳ ನಡುವೆ ಮರೆತುಹೋಗಿರಬಹುದು.

ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಹಂದಿಯನ್ನೇ ನೋಡಿ. ಹೊಟ್ಟೆ ತುಂಬ ತಿಂದರೆ ಮೈ ಬೆಳೆದು ಕಾಲು ಸೋಲುತ್ತದೆ, ಹೆರಿಗೆ ಕಷ್ಟವಾಗುತ್ತದೆ ಎಂದು, ಬಸುರಿಯಾಗಿರುವಷ್ಟು ಕಾಲವೂ ಬೆಳಿಗ್ಗೆ ಒಂದು ಡಬ್ಬಿ ಮೇವು ಹಾಕಿ ಸುಮ್ಮನಾಗಬೇಕೆಂಬುದು ತಮ್ಮದೇ ನಿಯಮ. ನಾನು ಬಕೆಟ್ ಎತ್ತಿಕೊಳ್ಳುವಷ್ಟರಲ್ಲಿ ಅವಳು ಅದನ್ನು ಮುಗಿಸಿ, ತೊಟ್ಟಿ ನೆಕ್ಕಿ, ಆಮೇಲೆ ದಿನವಿಡೀ ತನ್ನ ಗೂಡಿನ ಕಬ್ಬಿಣದ ಕಂಬಿ ಕಡಿಯುತ್ತಾಳೆ. ಇಷ್ಟು ಪಥ್ಯ ಮಾಡಿದರೂ ಕಾಲೇನೂ ಉಳಿಯಲಿಲ್ಲ. ಎರಡನೇ ಹೆರಿಗೆಗೇ ಕುಂಟತೊಡಗಿದಳು, ಮೈಯಲ್ಲಿ ಕೊಬ್ಬಿಲ್ಲದೆ ಗಟ್ಟಿ ನೆಲದ ಮೇಲೆ ಮಲಗಿ ಮಲಗಿ ಹೆಗಲು ಹುಣ್ಣಾಯಿತು. ಈಗ ಮೂರನೆಯ ಬಸುರು. ಮೊನ್ನೆ ನನ್ನ ಹೆಂಡತಿ ಬಂದು ನೋಡಿ, "ಬಸುರಿಗೆ ಇಷ್ಟೇನಾ ಹಾಕೋದು? ಇವತ್ತಿಂದ ನಿಮಗೂ ಇಷ್ಟೇ" ಎಂದಳು, ಎಂದಂತೆಯೇ ಬಡಿಸಿದಳು. ಅಂದಿನಿಂದ ನನಗೂ ಕಂಬಿಗಳು ರುಚಿಯಾಗಿ ಕಾಣುತ್ತಿವೆ.

ಆದ್ದರಿಂದ ಮುಂದಿನ ತಳಿಯಲ್ಲಿ, ಮರಿಯಾಗಿದ್ದಾಗ ಹಸಿವು, ತಾಯಿಯಾದೊಡನೆ ವೈರಾಗ್ಯ ಬರುವಂತೆ ಏರ್ಪಾಡು ಮಾಡಬೇಕಾಗಿ ವಿನಂತಿ. ಅದಾಗದಿದ್ದರೆ ಕಬ್ಬಿಣ ಅರಗಿಸಿಕೊಳ್ಳುವ ಹೊಟ್ಟೆಯನ್ನಾದರೂ ಕರುಣಿಸಿ. ಅದೂ ಆಗದಿದ್ದರೆ ದಿನಕ್ಕೊಂದು ಹೊರೆ ಒಣಹುಲ್ಲು ಮಂಜೂರು ಮಾಡಿ; ಮೈ ಬೆಳೆಸದೆ ಹೊಟ್ಟೆ ತುಂಬುತ್ತದೆ, ಹೆಗಲಿಗೂ ಮೆತ್ತಗಿರುತ್ತದೆ. ಮರಿಯ ತೂಕ ನೋಡಿ ತಳಿ ಆರಿಸುವಾಗ ಅಮ್ಮನ ಕಾಲಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಈ ಬಸುರಿನ ಮರಿಗಳು ಹುಟ್ಟಿ ಹಾಲು ಬಿಟ್ಟ ಕೂಡಲೇ, ಕುಂಟಿ ಎಂಬ ಕಾರಣಕ್ಕೆ ಅವಳನ್ನು ಕಸಾಯಿಖಾನೆಯ ಲಾರಿ ಹತ್ತಿಸಬೇಕೆಂದು ಬಂದಿರುವ ಆದೇಶವನ್ನು ದಯವಿಟ್ಟು ಹಿಂದಕ್ಕೆ ಪಡೆಯಿರಿ. ಅವಳೆಂದರೆ ನನಗೆ ತುಂಬ ಇಷ್ಟ, ಸ್ವಾಮಿ.

ತಮ್ಮ ವಿಶ್ವಾಸಿ,
ಮೇವಿನ ಬಕೆಟ್ಟಿನವ

ಮರೆತಿದ್ದೆ: ಆ ಆದೇಶದ ಜೊತೆಗೇ ತಾವು ದೊಡ್ಡಮ್ಮನಿಗೆ ಕಳಿಸಿದ 'ಅತ್ಯುತ್ತಮ ತಾಯಿ' ಪ್ರಶಸ್ತಿ ಪತ್ರವನ್ನು ಸಂಭ್ರಮದಿಂದ ಅವಳ ಕಂಬಿಗೇ ಕಟ್ಟಿದೆ. ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ತಿಂದು ಮುಗಿಸಿ, ಇನ್ನೊಂದಕ್ಕೆ ಬಾಯಿ ತೆರೆದು ನಿಂತಿದ್ದಳು. ಡಬ್ಬಿಯ ಅಳತೆ ಮೀರಿ ತಮ್ಮಿಂದ ಅವಳ ಹೊಟ್ಟೆಗೆ ಬಿದ್ದದ್ದು ಅದೊಂದೇ. ಇನ್ನೂ ಪ್ರಶಸ್ತಿಗಳಿದ್ದರೆ ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿ, ಲಾರಿ ಬರುವುದಕ್ಕೆ ಮುಂಚೆ ಕಳಿಸಿ.