ನನ್ನ ದವಡೆಯ ಸ್ಕ್ರೂ

ಮೊಮ್ಮಕ್ಕಳೇ, ಹೆಣ್ಣಿಗೆ ಬಾಯಿ ಇರುವುದೇ ಮುಚ್ಚಿಕೊಳ್ಳುವುದಕ್ಕೆ ಎಂದು ನಂಬಿದ್ದ ಕಾಲದಲ್ಲಿ ನಾನು ಬೆಳೆದೆ. ನನ್ನ ತವರೂರು ಸಾರಥಿಯ ಶಾಲೆಯಲ್ಲಿ ಮಗ್ಗಿ ಹೇಳುವಾಗ ನನ್ನ ತುಟಿ ಅಲುಗುತ್ತಿತ್ತೇ ಹೊರತು ಸದ್ದು ಬರುತ್ತಿರಲಿಲ್ಲ. "ಒಳಗ ಯಾರಾದ್ರೂ ಅದಾರೇನು?" ಎಂದು ಮೇಷ್ಟ್ರು ಕೇಳುತ್ತಿದ್ದರು. ಅಂಥವಳು ದಾವಣಗೆರೆಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದರಲ್ಲಿ ಆಶ್ಚರ್ಯವೇನಿದೆ? "ಸೆರಗಿನ ಮ್ಯಾಲೆ ಹಲ್ಲು ಕೂಡ್ಸಾಕ ಬರಲ್ರಿ ಅಜ್ಜಿ" ಎಂದರು ಆ ಹುಡುಗವಯಸ್ಸಿನ ಡಾಕ್ಟರು.

ದಾವಣಗೆರೆ ಜಿಲ್ಲೆಯಾದ ಹೊಸತು. ಬಲಗಡೆಯ ದವಡೆಹಲ್ಲು ಹೋದಮೇಲೆ ನನಗೆ ಖಡಕ್ ರೊಟ್ಟಿಯ ಅರ್ಧ ಸುಖ ತಪ್ಪಿತ್ತು. ಮೊದಲು ದವಡೆಯ ಮೂಳೆಗೆ ಒಂದು ಸ್ಕ್ರೂ, ಮೂಳೆ ಅದನ್ನು ಗಟ್ಟಿಯಾಗಿ ಹಿಡಿದಮೇಲೆ ಅದಕ್ಕೊಂದು ಹಲ್ಲು ಎಂದು ಡಾಕ್ಟರು ಹೇಳಿದರು. ಸ್ಕ್ರೂ ಹಾಕಿಸಿಕೊಂಡು ಹರಿಹರದ ಮನೆಗೆ ಬಂದರೆ, ಭಾನುವಳ್ಳಿಯಿಂದ ನಾದಿನಿ ಗಂಗವ್ವ ಆಗಲೇ ಬಂದು ಕೂತಿದ್ದಳು. "ಅಣ್ಣ ಹೋದಮ್ಯಾಲೆ ನಿನಗೆಂಥಾ ಹಲ್ಲಿನ ಶೋಕಿ, ಅತ್ತಿಗೆ? ಯಾರಿಗೆ ತೋರ್ಸಾಕ?" ಇವಳೆದುರೇ ಕೂತು ರೊಟ್ಟಿ ಕಟುಂ ಎನಿಸದಿದ್ದರೆ ನಾನು ನಾನಲ್ಲ ಎಂದು ಮನಸ್ಸಿನಲ್ಲೇ ಪಣ ತೊಟ್ಟೆ.

ನಮ್ಮ ಮನೆಯಲ್ಲಿ ಜ್ವರಕ್ಕೂ ವಿಭೂತಿ, ಮಗು ಬೆಚ್ಚಿದರೂ ವಿಭೂತಿ. ದಿನವೂ ಪೂಜೆ ಮುಗಿಸಿ ಸ್ಕ್ರೂವಿನ ಸುತ್ತ ಒಂದು ಚಿಟಿಕೆ ಒತ್ತಿಕೊಳ್ಳತೊಡಗಿದೆ. ಶಿವನಿಗಿಂತ ದೊಡ್ಡ ವೈದ್ಯ ಯಾರು? ಮುಂದಿನ ಸಲ ಎಕ್ಸ್‌ರೇ ನೋಡಿ ಡಾಕ್ಟರ ಮುಖ ಸಣ್ಣದಾಯಿತು. "ಮಾಯೋ ಹೊತ್ನಾಗ ಸುತ್ತಲ ಮೂಳೆ ಸ್ವಲ್ಪ ಕರಗೋದು ಇದ್ದದ್ದೇ ಅಜ್ಜಿ. ನಿಮ್ದು ಜಾಸ್ತಿ ಕರಗೈತಿ. ಹಿಂಗೇ ಆದ್ರೆ ಸ್ಕ್ರೂ ತೆಗೀಬೇಕಾಗ್ತೈತಿ." ಬಾಯೊಳಗೆ ಬಗ್ಗಿ ನೋಡಿ, "ಇದೇನ್ರಿ, ಬೂದಿ?" ಎಂದರು.

"ಬೂದಿ ಅಲ್ರಿ, ವಿಭೂತಿ" ಎಂದೆ.

ಅವರ ಹಣೆಯ ಮೇಲೂ ಮೂರು ಬೆರಳು ವಿಭೂತಿ ಇತ್ತು. ಬೈಯಲು ಬಾಯಿ ಬರಲಿಲ್ಲ. "ಹಣಿಗೆ ಹಚ್ಚಿಕೊಳ್ರಿ. ವಸಡಿಗೆ ಬ್ಯಾಡ, ಅಲ್ಲಿ ಹೋಗಿ ಕೂತ್ರೆ ಕೀವು ಕಟ್ತೈತಿ" ಎಂದು ಕೈಮುಗಿದರು.

ಸುದ್ದಿ ಕೇಳಿ ಗಂಗವ್ವ ಮತ್ತೆ ಬಂದಳು. "ತೆಗೆಸಿ ಒಗಿ ಅತ್ತಿಗೆ. ದೇವರೇ ಬ್ಯಾಡ ಅಂದಾನ." ನಿಮ್ಮಪ್ಪನೂ ತಲೆಯಾಡಿಸಿದ.

"ತೆಗೆಸಂಗಿಲ್ಲ" ಎಂದೆ.

"ಏನಂದಿ?"

"ತೆಗೆಸಂಗಿಲ್ಲ ಅಂದೆ. ಬಾಯಿ ನಂದು."

ಮನೆಯಲ್ಲಿ ಅಷ್ಟು ದೊಡ್ಡ ದನಿ ನನ್ನದೆಂದು ನನಗೇ ಗೊತ್ತಿರಲಿಲ್ಲ. ನಿಮ್ಮವ್ವ ಮಾತ್ರ ಅಡಿಗೆಮನೆಯಲ್ಲಿ ಮುಖ ತಿರುಗಿಸಿಕೊಂಡು ನಗುತ್ತಿದ್ದಳು.

ಅಲ್ಲಿಂದ ಮೆತ್ತನೆಯ ಬ್ರಷ್ಷು, ಉಪ್ಪುನೀರು, ಗಂಜಿ. ಕನ್ನಡಿಯ ಮುಂದೆ ಬಾಯಿ ತೆರೆದು ನಿಂತು, ಕಾಣದ ಮೂಳೆಯನ್ನು "ಹಿಡ್ಕಾ, ಬಿಡಬ್ಯಾಡ" ಎಂದು ಗದರುತ್ತಿದ್ದೆ. ಹಿಡಿದುಕೊಂಡಿತು. ಕರಗಿದ್ದು ಮರಳಿ ಬರಲಿಲ್ಲ, ಇದ್ದದ್ದು ಕದಲಲಿಲ್ಲ. ಹಲ್ಲು ಕೂತಿತು.

ಗಂಗವ್ವನನ್ನು ಊಟಕ್ಕೆ ಕರೆದು, ಸೆರಗು ಹೆಗಲ ಮೇಲೇ ಇರಿಸಿ, ಶೇಂಗಾಚಟ್ನಿಯೊಂದಿಗೆ ಖಡಕ್ ರೊಟ್ಟಿ ಕಡಿದೆ. ಕಟುಂ! "ಯವ್ವಾ, ಏನ್ ಹಲ್ಲು!" ಎಂದಳು. ನಾನು ಇನ್ನೊಂದು ತುಂಡು ಮುರಿದೆ.

ಈಗ ನಿಮಗಷ್ಟೇ ಹೇಳುತ್ತೇನೆ. ಆ ಸದ್ದೆಲ್ಲ ಎಡಗಡೆಯ ಹಳೆಯ ಹಲ್ಲುಗಳದು. ಅಷ್ಟು ಜಗಳವಾಡಿ ಉಳಿಸಿಕೊಂಡ ಹಲ್ಲಿಗೆ ಯಾರಾದರೂ ಖಡಕ್ ರೊಟ್ಟಿ ಕೊಡುತ್ತಾರೆಯೇ? ಬಲಗಡೆಗೆ ಈಗಲೂ ಹಾಲಿನಲ್ಲಿ ನೆನೆಸಿದ್ದೇ.